ಸಪೋರ್ಟ್ ಕೆಲಸ ಬಿಟ್ಟು ಊರಿಗೆ ಬರುತ್ತಿದ್ದೇನೆ: ಕಾಸರಗೋಡಿನವರು ದಾರಿ ಹೇಳಿ

ನೀರ್ಚಾಲಿನವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ಬೆಂಗಳೂರಿನ ಒಂದು ಕಂಪೆನಿಯಲ್ಲಿ ಟೆಕ್ನಿಕಲ್ ಸಪೋರ್ಟ್ ಕೆಲಸ ಮಾಡುತ್ತಿದ್ದೇನೆ. ಏಳು ವರ್ಷ ದಾಟಿತು. ಅಮೆರಿಕದ ಆಫೀಸುಗಳಲ್ಲಿ ರೌಟರ್, ಸ್ವಿಚ್ ಕೆಟ್ಟರೆ ಕಾಲ್ ನಮಗೆ ಬರುತ್ತದೆ. ಸಂಜೆ ಕ್ಯಾಬ್ ಹತ್ತಿದರೆ ಬೆಳಕು ಹರಿಯುವಾಗ ರೂಮು. ಹೆಂಡತಿ, ಮಗಳು, ಅಪ್ಪ, ಅಮ್ಮ ಎಲ್ಲ ನೀರ್ಚಾಲಿನಲ್ಲಿದ್ದಾರೆ. ಹೆಂಡತಿ ಬದಿಯಡ್ಕದ ಒಂದು ಲ್ಯಾಬಿನಲ್ಲಿ ಟೆಕ್ನೀಷಿಯನ್.

ಕೆಲಸ ಬಿಡುವುದು ನಿರ್ಧಾರ ಆಗಿದೆ. ಬಿಡಲೋ ಬೇಡವೋ ಎಂದು ಕೇಳುತ್ತಿಲ್ಲ. ಆದರೆ ಯಾಕೆ ಎಂದು ಹೇಳದಿದ್ದರೆ ಮುಂದೆ ಏನು ಮಾಡಬೇಕು ಎಂದು ನಿಮಗೂ ಹೇಳಲಿಕ್ಕಾಗುವುದಿಲ್ಲ, ಅಲ್ವಾ?

ರಾತ್ರಿ ಪಾಳಿ ಕಷ್ಟ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬೈಗುಳವೂ ಅಭ್ಯಾಸ ಆಗುತ್ತದೆ. ಆಫೀಸು ನಿಂತುಹೋದ ಮನುಷ್ಯನಿಗೆ ಸಿಟ್ಟು ಬರುವುದು ಸಹಜ. ನನಗೆ ಸಹಿಸಲಾಗದ್ದು ಬೇರೆ. ಒಂದು ಕಾಲ್ ಇಷ್ಟು ನಿಮಿಷದಲ್ಲಿ ಮುಗಿಯಬೇಕು ಎಂದು ಲೆಕ್ಕ ಉಂಟು, ಅದಕ್ಕೆ ಎಎಚ್‌ಟಿ ಅಂತಾರೆ. ಟಿಕೆಟ್ಟಿಗೆ, ಅಂದರೆ ಬರೆದುಕೊಂಡ ದೂರಿಗೆ, ಇಷ್ಟರೊಳಗೆ ಸರಿಮಾಡುತ್ತೇವೆ ಎಂದು ಗಿರಾಕಿಗೆ ಕೊಟ್ಟ ಎಸ್‌ಎಲ್‌ಎ ಗಡುವು ಬೇರೆ. ಲಿಂಕು ಪದೇ ಪದೇ ಬೀಳುತ್ತಿದೆ ಎಂದು ಒಬ್ಬರು ಫೋನ್ ಮಾಡುತ್ತಾರೆ. ನಾನು ಲಾಗ್, ಅಂದರೆ ಯಂತ್ರ ತಾನೇ ಬರೆದಿಟ್ಟ ದಾಖಲೆ ನೋಡುತ್ತೇನೆ. ಕಾರಣ ಹುಡುಕಲು ಇನ್ನೊಂದು ಗಂಟೆ ಬೇಕು ಎಂದು ಗೊತ್ತಾಗುತ್ತದೆ. ಅಷ್ಟು ಹೊತ್ತು ಇಲ್ಲ. ರೀಸ್ಟಾರ್ಟ್ ಮಾಡಿಸಿ 'ಪರಿಹಾರವಾಯಿತು' ಎಂದು ಬರೆದು ಮುಚ್ಚಬೇಕು. ಎರಡು ದಿನ ಬಿಟ್ಟು ಅದೇ ಮನುಷ್ಯ ಮತ್ತೆ ಫೋನ್ ಮಾಡುತ್ತಾರೆ. ಅದು ಬೇರೆಯವರಿಗೆ ಹೋಗುತ್ತದೆ, ಹೊಸ ಟಿಕೆಟ್ ಆಗುತ್ತದೆ. ತಿಂಗಳ ಕೊನೆಯಲ್ಲಿ ಎರಡು ಟಿಕೆಟ್ ಮುಗಿಸಿದ ಹಾಗೆ ಲೆಕ್ಕ. ಸರಿಯಾಗದ್ದನ್ನು ಸರಿಯಾಯಿತು ಎಂದು ಬರೆಯುವುದು ನನ್ನಿಂದ ಇನ್ನು ಆಗುವುದಿಲ್ಲ. ಮ್ಯಾನೇಜರಿಗೂ ಹೇಳಿ ನೋಡಿದೆ. ಅವರ ಮೇಲೂ ಅದೇ ಲೆಕ್ಕ ಕೂತಿದೆ.

ನನಗೆ ಈಗ 34. ಡಿಪ್ಲೊಮಾ ಎಲೆಕ್ಟ್ರಾನಿಕ್ಸ್. ಕನ್ನಡ, ತುಳು, ಮಲಯಾಳ ಮಾತಾಡುತ್ತೇನೆ, ಮಲಯಾಳ ಓದಲೂ ಬರುತ್ತದೆ. ಅಪ್ಪನ ಒಂದೂವರೆ ಎಕರೆ ಅಡಿಕೆ ತೋಟ ಉಂಟು. ಸಾಲ ದೊಡ್ಡದಿಲ್ಲ. ಒಂದು ವರ್ಷ ಮನೆ ನಡೆಯುವಷ್ಟು ಉಳಿತಾಯ ಉಂಟು. ಇಲ್ಲಿ ಇದ್ದುಕೊಂಡು ಏನು ಮಾಡಬಹುದು? ನೀವು ಮಾಡಿದ್ದನ್ನು, ನಿಮಗೆ ಗೊತ್ತಿದ್ದದ್ದನ್ನು ಹೇಳಿ.

ರಾತ್ರಿಪಾಳಿ

ಅಣ್ಣ, ನಾನೂ ಸಪೋರ್ಟಿನಲ್ಲೇ ಇದ್ದೇನೆ, ಊರು ಪೆರ್ಲ. ನೀವು ಬರೆದದ್ದು ಅಕ್ಷರ ಅಕ್ಷರ ನಿಜ. ಆದರೂ ಒಂದು ಮಾತು. ಕೆಲಸ ಬಿಡುವ ಮೊದಲು ಪಕ್ಕಕ್ಕೆ ಸರಿಯಲು ಆಗುತ್ತದಾ ನೋಡಿ. ಏಳು ವರ್ಷ ಲಾಗ್ ಓದಿದವರಿಗೆ ಲಿನಕ್ಸ್, ಸ್ವಲ್ಪ ಪೈಥಾನ್ ಕಲಿಯುವುದು ಕಷ್ಟ ಅಲ್ಲ. ಮಾನಿಟರಿಂಗ್, ಟೆಸ್ಟಿಂಗ್, ಡಾಕ್ಯುಮೆಂಟೇಶನ್ ತಂಡಗಳಲ್ಲಿ ಹೀಗೆ ಗಡಿಯಾರ ನೋಡುತ್ತಾ ಫೋನ್ ಹಿಡಿಯುವುದು ಇಲ್ಲ. ನನ್ನ ಜೊತೆಗಿದ್ದವಳು ಅದೇ ಕಂಪೆನಿಯ ಒಳಗೆ ಟೆಸ್ಟಿಂಗಿಗೆ ಹೋದಳು. ಈಗ ಹಗಲಿನ ಕೆಲಸ, ಬದುಕು ಬೇರೆಯೇ ಆಗಿದೆ.

ನನಗೆ ಮನೆಸಾಲ ಉಂಟು, ಹಾಗಾಗಿ ನಾನು ಆ ದಾರಿ ಹಿಡಿದಿದ್ದೇನೆ. ನಿಮಗೆ ಸಾಲ ಇಲ್ಲದಿದ್ದರೆ ನಿಮ್ಮ ಲೆಕ್ಕ ಬೇರೆ.

ಬಾಯಾರು ತೋಟ

ತೋಟದ ವಿಷಯ ನಾನು ಹೇಳುತ್ತೇನೆ. ಬಿಟ್ಟು ಬಂದವರು ಮೊದಲು ನೋಡುವುದೇ ತೋಟದ ಕಡೆಗೆ. ನಾನೂ ಹಾಗೇ ಬಂದವನು.

ಒಂದೂವರೆ ಎಕರೆಯಲ್ಲಿ ಎರಡು ಸಂಸಾರ ಬದುಕುವುದು ಕಷ್ಟ ತಮ್ಮಾ. ಬೆಲೆ ಒಳ್ಳೆಯದಿದ್ದ ವರ್ಷ ಸುಲಭ ಅನಿಸುತ್ತದೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ ಆದ ಮೇಲೆ ಧಾರಣೆ ಒಮ್ಮೆಲೇ ಕುಸಿದಾಗ ಹಿಡಿದು ನಿಲ್ಲಿಸುವವರು ಒಬ್ಬರಾದರು, ಆ ಉಪಕಾರ ದೊಡ್ಡದು. ಆದರೆ ರೋಗಕ್ಕೆ ಯಾರೂ ಜಾಮೀನು ಕೊಡುವುದಿಲ್ಲ. ಮಳೆ ಬಿಡದೆ ಹಿಡಿದ ವರ್ಷ ಕೊಳೆರೋಗ. ಈಗ ಎಲೆಚುಕ್ಕಿ. ಕೆಲವು ಕಡೆ ಹಳದಿ ರೋಗ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ಎಲ್ಲರಿಗೂ ಬಾಯಿಪಾಠ. ಬಿಸಿಲು ಕಂಡ ಎರಡು ದಿನದಲ್ಲಿ ಅದನ್ನು ಮರದ ತಲೆಗೆ ಹೊಡೆಯುವ ಜನ ಸಿಗುವುದು ದೊಡ್ಡ ಕಷ್ಟ. ಕೊಯ್ದ ಮೇಲೆ ಒಣಗಿಸಲು ಒಂದೂವರೆ ತಿಂಗಳ ಬಿಸಿಲು ಬೇಕು. ನಡುವೆ ಮೋಡ ಬಂದರೆ ಚಾಲಿಯ, ಅಂದರೆ ಒಣಗಿದ ಅಡಿಕೆಯ ದರ್ಜೆ ಹೋಯಿತು. ಹೊಸದಾಗಿ ಸಸಿ ಇಟ್ಟರೆ ಫಸಲು ನೋಡಲು ಐದಾರು ವರ್ಷ.

ಹಾಗಂತ ತೋಟ ಬೇಡ ಎಂದಲ್ಲ. ಅಪ್ಪನ ತೋಟ ಮನೆಯ ಅರ್ಧ ಖರ್ಚು ಹೊರುತ್ತದೆ ಎಂದಿಟ್ಟುಕೊಂಡು, ಇನ್ನರ್ಧಕ್ಕೆ ಕೈಕೆಲಸ ಒಂದು ಇರಲಿ. ನಾನು ಮಾಡಿದ್ದು ದೋಟಿ ಕೆಲಸ, ಉದ್ದ ಕೋಲಿನಿಂದ ಅಡಿಕೆ ಕೊಯ್ಯುವುದು. ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ಮರ ಹತ್ತದೆ ನೆಲದಲ್ಲಿ ನಿಂತೇ ಕೊಯ್ಲು, ಸ್ಪ್ರೇ ಎರಡೂ ಆಗುತ್ತದೆ. ತರಬೇತಿ ಶಿಬಿರಕ್ಕೆ ಹೋಗಿ ಕಲಿತೆ. ಈಗ ನಾವು ನಾಲ್ಕು ಮಂದಿಯ ತಂಡ. ಮಳೆಗಾಲದ ಮೊದಲು, ಆಮೇಲೆ ಕೊಯ್ಲಿನ ಸಮಯ, ಫೋನ್ ಬಿಡುವಿಲ್ಲ. ಕತ್ತು ನೋವು ಬರುತ್ತದೆ, ಭುಜ ಗಟ್ಟಿ ಬೇಕು. ನಿಮಗೆ ಅದು ಆಗುತ್ತದೋ ಇಲ್ಲವೋ ನೋಡಿ.

ಕಾಸರಗೋಡಿನ ಸಿಪಿಸಿಆರ್‌ಐಗೂ (ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಒಮ್ಮೆ ಹೋಗಿ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದದ್ದು, ನಮ್ಮ ಕೈಗೆ ಸಿಗುವ ಹಾಗೆ ಕೂತಿದೆ. ಊರಿನವರೇ ಹೆಚ್ಚಿನವರು ಒಳಗೆ ಹೋಗಿರುವುದಿಲ್ಲ. ತೆಂಗು, ಅಡಿಕೆ, ಕೊಕ್ಕೊ ಬಗ್ಗೆ ಏನು ಕೇಳಿದರೂ ಹೇಳುವವರಿದ್ದಾರೆ. ಅಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವೂ ಉಂಟು.

ಲೆಕ್ಕದ ಭಾವ

ಏನು ಮಾಡಬೇಕು ಎಂದು ಬೇರೆಯವರು ಹೇಳಲಿ. ರಾಜೀನಾಮೆ ಕೊಡುವವರು ಮೊದಲು ಕಾಗದಪತ್ರ ಸರಿ ಮಾಡಿಕೊಳ್ಳಿ. ಇದರಲ್ಲಿ ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ನೋಡಿ ಬೇಸರವಾಗಿದೆ.

ನಿಮಗೆ ಏಳು ವರ್ಷ ಆಗಿದೆ, ಗ್ರಾಚ್ಯುಟಿ (ಸೇವೆಯ ವರ್ಷಕ್ಕೆ ತಕ್ಕ ಇಡಿಗಂಟು) ಬರಬೇಕು. ಮಾಮೂಲಿ ನೌಕರರಿಗೆ ಸತತ 5 ವರ್ಷ ಆದರೆ ಹಕ್ಕು. ಕೊನೆಯ ಮೂಲವೇತನವನ್ನು (ತುಟ್ಟಿಭತ್ಯೆ ಇದ್ದರೆ ಅದನ್ನೂ ಸೇರಿಸಿ) 15ರಿಂದ ಗುಣಿಸಿ, 26ರಿಂದ ಭಾಗಿಸಿ, ಅದನ್ನು ವರ್ಷಗಳಿಂದ ಗುಣಿಸಿ. ಮೂಲವೇತನ 20,000 ಇದ್ದು 7 ವರ್ಷ ಆಗಿದ್ದರೆ ಸುಮಾರು 80,770 ರೂಪಾಯಿ. ಅಂತಿಮ ಲೆಕ್ಕದ ಚೀಟಿಯಲ್ಲಿ ಇದು ಇದೆಯೋ ಇಲ್ಲವೋ ನೋಡಿಯೇ ಸಹಿ ಹಾಕಿ.

ಪಿಎಫ್ ಹಣಕ್ಕೆ ಅವಸರದಲ್ಲಿ ಕೈ ಹಾಕಬೇಡಿ. ಸತತ 5 ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ನಿಮಗೆ ಆ ತೊಂದರೆ ಇಲ್ಲ. ಆದರೂ ಅದು ನಿಮ್ಮ ಮುದಿ ವಯಸ್ಸಿನ ದುಡ್ಡು. ಪೆನ್ಶನ್ ಭಾಗಕ್ಕೆ 10 ವರ್ಷ ಸೇವೆ ಬೇಕು. ನಿಮಗೆ ಅಷ್ಟಾಗಿಲ್ಲ. ಅದನ್ನೂ ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಮುಂದೆ ಎಲ್ಲಾದರೂ ಪಿಎಫ್ ಇರುವ ಕೆಲಸಕ್ಕೆ ಸೇರಿದರೆ ಈ ವರ್ಷಗಳೂ ಸೇರುತ್ತವೆ. ಕೆಲಸ ಬಿಟ್ಟ ತಾರೀಕನ್ನು ಕಂಪೆನಿ ಪಿಎಫ್ ಖಾತೆಯಲ್ಲಿ ಹಾಕಿದೆಯಾ ನೋಡಿ. ಹಾಕದಿದ್ದರೆ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ನೀವೇ ಆನ್‌ಲೈನಿನಲ್ಲಿ ಹಾಕಬಹುದು.

ಇನ್ನೊಂದು, ಎಲ್ಲರೂ ಮರೆಯುವುದು. ಕಂಪೆನಿಯ ಆರೋಗ್ಯ ವಿಮೆ ಕೊನೆಯ ದಿನಕ್ಕೆ ಮುಗಿಯುತ್ತದೆ. ಅಪ್ಪ ಅಮ್ಮ ಅದರಲ್ಲೇ ಇದ್ದರೆ ಬಿಡುವ ಮೊದಲೇ ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಅರ್ಜಿ ಹಾಕಿ. ಹೊಸದಾಗಿ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೆ ಕಾಯಬೇಕಾಗಬಹುದು. ಶುಗರ್, ಬಿಪಿ ಇದ್ದ ಹಿರಿಯರಿರುವ ಮನೆಗೆ ಇದು ಸಣ್ಣ ವಿಷಯ ಅಲ್ಲ.

ರಿಲೀವಿಂಗ್ ಲೆಟರ್, ಅನುಭವ ಪತ್ರ, ಲ್ಯಾಪ್‌ಟಾಪ್ ವಾಪಸ್ ಕೊಟ್ಟದ್ದಕ್ಕೆ ರಸೀದಿ, ಎಲ್ಲ ಕೈಗೆ ಬಂದ ಮೇಲೆ ಬಸ್ಸು ಹತ್ತಿ. ಸಿಟ್ಟಿನಲ್ಲಿ ನೋಟಿಸ್ ಪೀರಿಯಡ್ ಅರ್ಧಕ್ಕೆ ಬಿಟ್ಟು ಬರಬೇಡಿ.

ಮುಳ್ಳೇರಿಯ ಟೀಚರ್

ನಾನು ಒಂದು ಇಂಟರ್ನೆಟ್ ಕಂಪೆನಿಯ ಸಪೋರ್ಟಿನಲ್ಲಿದ್ದೆ. ಬಿಟ್ಟು ಬಂದು ಬಿಎಡ್ ಮಾಡಿದೆ. ಎರಡು ವರ್ಷ ಹಿಡಿಯಿತು. ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾದೆ. ಈಗ ಕನ್ನಡ ಮಾಧ್ಯಮದ ಶಾಲೆಯಲ್ಲಿದ್ದೇನೆ. ಮೊದಲು ದಿನಗೂಲಿ ಟೀಚರ್ ಆಗಿದ್ದೆ, ಪಿಎಸ್‌ಸಿ (ಸರ್ಕಾರಿ ಕೆಲಸಕ್ಕೆ ಆರಿಸುವ ಲೋಕಸೇವಾ ಆಯೋಗ) ಮೂಲಕ ಕೆಲಸ ಆಮೇಲೆ ಆಯಿತು.

ಈ ದಾರಿ ಯಾರಿಗೆ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಕೇರಳ ಪಿಎಸ್‌ಸಿಯಲ್ಲಿ ಪ್ರೈಮರಿ ಟೀಚರ್ ಹುದ್ದೆಗೆ ಸಾಮಾನ್ಯ ವರ್ಗದವರಿಗೆ 40 ವರ್ಷದವರೆಗೆ ಅವಕಾಶ. ಹಿಂದುಳಿದ ವರ್ಗಕ್ಕೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ರಿಯಾಯಿತಿ. ಕನ್ನಡ ಮಾಧ್ಯಮಕ್ಕೆ ಬೇರೆಯೇ ನೋಟಿಫಿಕೇಶನ್ ಬರುತ್ತದೆ. ಟೀಚರ್ ಆಗುವುದು ಬೇಡ ಎಂದರೆ ನಮ್ಮ ಜಿಲ್ಲೆಗೆ ಕನ್ನಡ, ಮಲಯಾಳ ಎರಡೂ ಬಲ್ಲ ಕ್ಲರ್ಕ್ ಹುದ್ದೆ ಬೇರೆ ಉಂಟು. ಅದಕ್ಕೆ ವಯಸ್ಸಿನ ಮಿತಿ 36. ಎರಡು ಭಾಷೆ ಬರುವುದು ನಮಗೆ ಬೇರೆ ಎಲ್ಲೂ ಇಲ್ಲದ ಅನುಕೂಲ. ಗಡಿಯಲ್ಲಿ ಹುಟ್ಟಿದ್ದಕ್ಕೆ ಸಿಕ್ಕ ಹಕ್ಕು ಅದು, ಬಿಡಬಾರದು.

ಆದರೆ ಪಿಎಸ್‌ಸಿ ಎಂದರೆ ಕಾಯುವುದು. ಪರೀಕ್ಷೆ, ರ‍್ಯಾಂಕ್ ಲಿಸ್ಟ್, ಅಲ್ಲಿಂದ ಅಡ್ವೈಸ್ ಮೆಮೊ, ಅಂದರೆ ನೇಮಕಕ್ಕೆ ಶಿಫಾರಸು ಪತ್ರ. ಕಾಯುವ ವರ್ಷಗಳಲ್ಲಿ ಮನೆ ನಡೆಸಲು ಏನಾದರೂ ಬೇಕೇ ಬೇಕು.

ನಾನು ಯಾಕೆ ಈ ಕಡೆ ಬಂದೆ ಎಂದರೆ, ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡಲು ಹಾಕಿದ್ದನ್ನು ನಾವೆಲ್ಲ ನೋಡಿದ್ದೇವೆ. ಮಕ್ಕಳು, ಹೆತ್ತವರು ಶಾಲೆಯ ಮುಂದೆ ಕೂತು ಹೋರಾಡಿದ್ದನ್ನೂ ನೋಡಿದ್ದೇವೆ. ಗಣಿತ ಅರ್ಥವಾಗದೆ ಕೂತ ಮಗುವಿಗೆ ಅದರ ಭಾಷೆಯಲ್ಲಿ ಹೇಳಿದಾಗ ತಲೆ ಆಡಿಸುತ್ತದೆ ನೋಡಿ, ಅದಕ್ಕಾಗಿ ಸಂಬಳ ಕಮ್ಮಿ ಇದ್ದ ವರ್ಷಗಳನ್ನೂ ತಡೆದುಕೊಂಡೆ.

ನೀರ್ಚಾಲಿನವ

ಟೀಚರ್, ತುಂಬಾ ಉಪಕಾರ. ಪಾಠ ಮಾಡುವ ತಾಳ್ಮೆ ನನಗಿಲ್ಲ. ಬಾಯಾರಿನ ಅಣ್ಣ ಹೇಳಿದ್ದು ಮನಸ್ಸಿಗೆ ಹಿಡಿಸಿತು, ಕೈಕೆಲಸ ಒಂದು ಇರಲಿ ಎಂಬ ಮಾತು. ಭಾವ, ಅಮ್ಮನಿಗೆ ಶುಗರ್ ಉಂಟು. ವಿಮೆಯ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ, ನಾಳೆಯೇ ಎಚ್‌ಆರ್‌ಗೆ ಬರೆಯುತ್ತೇನೆ.

ರಾತ್ರಿಪಾಳಿ ತಮ್ಮಾ, ಪಕ್ಕಕ್ಕೆ ಸರಿಯುವುದನ್ನು ಯೋಚಿಸಿದ್ದೇನೆ. ನಿನಗೆ ಅದು ಸರಿ. ನನಗೆ ಕೆಟ್ಟ ವಸ್ತುವನ್ನು ಕೈಯಲ್ಲಿ ಹಿಡಿದು ಬಿಚ್ಚಿ ನೋಡಬೇಕು. ಏಳು ವರ್ಷದಲ್ಲಿ ನಾನು ರಿಪೇರಿ ಮಾಡಿಸಿದ ಒಂದು ರೌಟರನ್ನೂ ಕಣ್ಣಾರೆ ನೋಡಲಿಲ್ಲ.

ಉಪ್ಪಳ ರಿಪೇರಿ

ಈ ಕೊನೆಯ ಸಾಲು ನೋಡಿ ಬರೆಯುತ್ತಿದ್ದೇನೆ. ನನ್ನದು ಉಪ್ಪಳದಲ್ಲಿ ಇನ್ವರ್ಟರ್, ಸಿಸಿ ಕ್ಯಾಮೆರಾ, ನೆಟ್‌ವರ್ಕ್, ಪಂಪಿನ ಸ್ಟಾರ್ಟರ್ ರಿಪೇರಿ. ಬಾಯಾರು, ಪೈವಳಿಕೆ, ಮೀಯಪದವು, ಧರ್ಮತ್ತಡ್ಕ ಎಲ್ಲ ಹೋಗುತ್ತೇನೆ. ಕೆಲಸಕ್ಕೆ ಬರವಿಲ್ಲ. ಮಾಡುವ ಜನಕ್ಕೆ ಬರ.

ನಮ್ಮ ಊರಿನಲ್ಲಿ ಸಿಡಿಲಿನ ಕಾಲ ಎರಡು. ಏಪ್ರಿಲ್, ಮೇ ತಿಂಗಳ ಸಂಜೆಗಳು, ಆಮೇಲೆ ಅಕ್ಟೋಬರ್ ಸುಮಾರಿಗೆ ಮಳೆ ಹಿಂದಿರುಗುವಾಗ. ಒಂದು ಜೋರು ಸಿಡಿಲು ಬಂದ ಮರುದಿನ ಬೆಳಿಗ್ಗೆ ಏಳು ಗಂಟೆಗೇ ಫೋನ್ ಶುರು. ಮೋಡೆಮ್ ಹೋಯಿತು, ಇನ್ವರ್ಟರ್ ಬೋರ್ಡ್ ಹೋಯಿತು, ಕ್ಯಾಮೆರಾ ಡಬ್ಬಿ ಹೋಯಿತು, ಪಂಪು ತಿರುಗುವುದಿಲ್ಲ. ಫೈಬರ್ ಬಂದ ಮೇಲೆ ಇನ್ನು ಹೆದರಿಕೆ ಇಲ್ಲ ಎಂದು ಜನ ತಿಳಿದಿದ್ದಾರೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಅದು ಸರಿ. ಆದರೆ ಮೋಡೆಮಿನ ಅಡಾಪ್ಟರು ಕರೆಂಟಿನ ಲೈನಿನಲ್ಲೇ ಕೂತಿದೆ. ಅಂಗಳದ ಆಚೆ ಕಂಬಕ್ಕೆ ಹಾಕಿದ ಕ್ಯಾಮೆರಾದಿಂದ ಮನೆಯೊಳಗೆ ತಾಮ್ರದ ವಯರು ಬರುತ್ತದೆ. ಸಿಡಿಲಿಗೆ ಅಷ್ಟು ದಾರಿ ಸಾಕು.

ಹೆಚ್ಚಿನ ಮನೆಗಳಲ್ಲಿ ನಿಜವಾದ ರೋಗ ಅರ್ಥಿಂಗಿನದ್ದು, ಅಂದರೆ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯದ್ದು. ನಮ್ಮದು ಮುರಕಲ್ಲಿನ ಗುಡ್ಡೆ. ಬೇಸಿಗೆಯಲ್ಲಿ ನೆಲ ಪೂರಾ ಒಣಗಿದಾಗ, ಮನೆ ಕಟ್ಟುವಾಗ ಹೂತ ಪೈಪು ಹೆಸರಿಗೆ ಮಾತ್ರ ಇರುತ್ತದೆ. ಸಿಡಿಲು ಬರುವುದೂ ಅದೇ ಹೊತ್ತಿಗೆ. ಮಾಡೆಮ್ ಬದಲಾಯಿಸಿ ದುಡ್ಡು ತೆಗೆದುಕೊಂಡು ಹೋಗುವವರಿದ್ದಾರೆ. ಮುಂದಿನ ಸಿಡಿಲಿಗೆ ಹೊಸದೂ ಸುಡುತ್ತದೆ. ಅರ್ಥ್ ಟೆಸ್ಟರ್ ಇಟ್ಟು ಅಳೆದು, ನೀರು ನಿಲ್ಲುವ ಜಾಗ ನೋಡಿ ಹೊಸ ಗುಂಡಿ ತೆಗೆದು, ಬೋರ್ಡಿನಲ್ಲಿ ಸರ್ಜ್ (ಒಮ್ಮೆಲೇ ಏರಿ ನುಗ್ಗುವ ಓಲ್ಟೇಜ್) ಹಿಡಿಯುವ ಎಸ್‌ಪಿಡಿ ಹಾಕಿ ಕೊಟ್ಟರೆ ಆ ಮನೆಯಿಂದ ಮತ್ತೆ ಅದೇ ಕೆಲಸಕ್ಕೆ ಫೋನ್ ಬರುವುದು ತುಂಬಾ ಕಮ್ಮಿ. ವ್ಯಾಪಾರಕ್ಕೆ ನಷ್ಟ ಅಲ್ವಾ ಎಂದು ಕೇಳುತ್ತಾರೆ. ಅಲ್ಲ. ಅವರು ಅಕ್ಕನ ಮನೆಗೆ, ಮಾವನ ಮನೆಗೆ, ದೇವಸ್ಥಾನಕ್ಕೆ ನನ್ನನ್ನೇ ಕಳಿಸುತ್ತಾರೆ.

ಪಂಪಿನದ್ದು ಇನ್ನೊಂದು ಲೋಕ. ತೋಟಕ್ಕೆ ನೀರು ಬಿಡುವ ಕಾಲದಲ್ಲಿ ಓಲ್ಟೇಜ್ ಇಳಿಯುತ್ತದೆ, ಮೋಟಾರು ಬಿಸಿಯಾಗಿ ಕಾಯಿಲ್ ಸುಡುತ್ತದೆ. ಸ್ಟಾರ್ಟರ್ ಡಬ್ಬಿಯೊಳಗೆ ಹಲ್ಲಿ, ಇರುವೆ ಹೋಗಿ ಕಾಂಟಾಕ್ಟ್ ನಡುವೆ ಸತ್ತು ಬಿದ್ದಿರುತ್ತದೆ. ಬ್ರಷ್ಷಿನಿಂದ ಒರೆಸಿದರೆ ಸರಿಯಾಗುವುದನ್ನು ಗೊತ್ತಿಲ್ಲದವರು ಪೂರಾ ಸ್ಟಾರ್ಟರ್ ಬದಲಾಯಿಸಿ ಬಿಲ್ ಮಾಡುತ್ತಾರೆ.

ಈಗ ಸೋಲಾರ್ ಕೂಡ ಬಂತು. 2024ರಲ್ಲಿ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಶುರುವಾದ ಮೇಲೆ 3 ಕಿಲೋವಾಟ್ ಮನೆ ಘಟಕಕ್ಕೆ 78,000 ರೂಪಾಯಿ ಸಬ್ಸಿಡಿ ಉಂಟು, ವಿಚಾರಿಸುವವರು ಜಾಸ್ತಿ ಆಗಿದ್ದಾರೆ. ಹೊರಗಿನ ಕಂಪೆನಿಯವರು ಬಂದು ಮಾಡಿನ ಮೇಲೆ ಪ್ಯಾನೆಲ್ ಇಟ್ಟು ಹೋಗುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ತೆಂಗಿನ ನೆರಳು ಬೀಳುವುದನ್ನು ನೋಡುವುದಿಲ್ಲ. ಒಂದು ಪ್ಯಾನೆಲಿನ ಮೂಲೆಗೆ ನೆರಳು ಬಿದ್ದರೂ ಆ ಸಾಲಿನ ಉತ್ಪಾದನೆ ಇಳಿಯುತ್ತದೆ. ಆಮೇಲೆ 'ಬಿಲ್ ಯಾಕೆ ಇಳಿಯಲಿಲ್ಲ' ಎಂದು ಕೇಳಲು ಮನೆಯವರಿಗೆ ಆ ಕಂಪೆನಿಯ ನಂಬರ್ ಸಿಗುವುದಿಲ್ಲ, ನನಗೆ ಫೋನ್ ಮಾಡುತ್ತಾರೆ.

ನೀನು ಏಳು ವರ್ಷ ಕಲಿತದ್ದು ಇದೇ ಅಲ್ವಾ? ಕಣ್ಣಿಗೆ ಕಾಣದ ಸಾಮಾನಿನ ರೋಗವನ್ನು ಬರೀ ಪ್ರಶ್ನೆ ಕೇಳಿ ಕಂಡುಹಿಡಿಯುವುದು. ಯಾವಾಗ ಹಾಳಾಯಿತು, ಅದಕ್ಕೆ ಮೊದಲು ಏನು ಬದಲಾಯಿತು, ಯಾವ ದೀಪ ಉರಿಯುತ್ತದೆ. ಇದು ಇಲ್ಲಿ ನೂರರಲ್ಲಿ ಹತ್ತು ಮಂದಿ ಮೆಕ್ಯಾನಿಕ್‌ಗಳಿಗೂ ಬರುವುದಿಲ್ಲ. ಬಂದ ಕೂಡಲೇ ಬಿಚ್ಚಲು ಶುರು ಮಾಡುತ್ತಾರೆ. ಕೈಕೆಲಸ ನಾನು ಕಲಿಸಬಹುದು. ಕೇಳಿಸಿಕೊಳ್ಳುವುದನ್ನು ಕಲಿಸಲಿಕ್ಕಾಗುವುದಿಲ್ಲ, ಅದು ನಿನ್ನಲ್ಲಿ ಉಂಟು.

ಮತ್ತೆ ಆ ಟಿಕೆಟ್ ಮುಚ್ಚುವ ವಿಷಯ. ಇಲ್ಲಿ ಹಾಗೆ ಮುಚ್ಚಲಿಕ್ಕಾಗುವುದಿಲ್ಲ ತಮ್ಮಾ. ಸರಿಯಾಗದಿದ್ದರೆ ಆ ಮನುಷ್ಯ ನಾಡಿದ್ದು ಮದುವೆ ಊಟದ ಪಂಕ್ತಿಯಲ್ಲಿ ನಿನ್ನ ಎದುರಿಗೇ ಕೂತಿರುತ್ತಾನೆ.

ಹೊಸಂಗಡಿಯವ

ಉಪ್ಪಳದ ಅಣ್ಣ ಹೇಳಿದ್ದು ಸರಿ, ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ನಾನು ಇದೇ ಥರ ಕಂಪ್ಯೂಟರ್ ಅಂಗಡಿ ಇಟ್ಟು ಮುಚ್ಚಿದವನು. ಈಗ ಮಂಗಳೂರಿನಲ್ಲಿ ಹಗಲಿನ ಕೆಲಸ, ದಿನಾ ತಲಪಾಡಿ ಗಡಿ ದಾಟಿ ಹೋಗಿ ಬರುತ್ತೇನೆ.

ಅಂಗಡಿ ಮುಳುಗಿಸಿದ್ದು ಕೆಲಸದ ಕೊರತೆ ಅಲ್ಲ. ಸಾಲ ಹೇಳುವುದು. 'ಅಡಿಕೆ ಮಾರಿದ ಮೇಲೆ ಕೊಡುತ್ತೇನೆ' ಎಂದು ಹೇಳುವವರೆಲ್ಲ ಗುರುತಿನವರು. ಸಾಮಾನು ತಂದ ಡೀಲರಿಗೆ ನಾನು ತಿಂಗಳಿಗೆ ಕೊಡಬೇಕು, ನನಗೆ ಬರುವುದು ವರ್ಷಕ್ಕೆ. ಬಾಡಿಗೆ ಬೇರೆ. ಮುಖ ನೋಡಿ ಬೇಡ ಎನ್ನಲು ಆಗುವುದಿಲ್ಲ.

ಗಡಿಯಾಚೆಯ ಕೆಲಸ ನಂಬಿ ಕೂರುವವರು 2020ರ ಮಾರ್ಚ್ ನೆನಪಿಡಿ. ಕೊರೊನಾ ಸಮಯದಲ್ಲಿ ರಸ್ತೆಗೆ ಮಣ್ಣು ಹಾಕಿ ಗಡಿ ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳೇ ತಲಪಾಡಿಯಲ್ಲಿ ಸಿಕ್ಕಿಬಿದ್ದರು. ನಮ್ಮಂಥ ಕೆಲಸದವರ ಮಾತು ಹಾಗಿರಲಿ. ಊರಿನೊಳಗೇ ನಡೆಯುವ ಕೆಲಸ ಇದ್ದರೆ ಅದಕ್ಕೆ ಬೆಲೆ ಉಂಟು, ಅದನ್ನು ಒಪ್ಪುತ್ತೇನೆ.

ಉಪ್ಪಳ ರಿಪೇರಿ

ಹೊಸಂಗಡಿಯವರು ಹೇಳಿದ್ದನ್ನು ಗೋಡೆಗೆ ಬರೆದಿಡಬೇಕು. ಅದಕ್ಕೇ ನಾನು ಅಂಗಡಿಯಲ್ಲಿ ಸಾಮಾನು ಇಡುವುದಿಲ್ಲ. ಏನು ಬೇಕು ಎಂದು ಚೀಟಿ ಬರೆದು ಕೊಡುತ್ತೇನೆ. ಗಿರಾಕಿಯೇ ತಂದು ಕೊಡುತ್ತಾರೆ, ಇಲ್ಲವೇ ಸಾಮಾನಿನ ದುಡ್ಡು ಮೊದಲು. ಕೂಲಿ ಮಾತ್ರ ನನ್ನದು. ಕೂಲಿ ಬಾಕಿ ಉಳಿದರೂ ನನ್ನ ಬೆವರು ಮಾತ್ರ ಹೋಯಿತು, ಡೀಲರಿನ ದುಡ್ಡು ಹೋಗಲಿಲ್ಲ. ಬಾಡಿಗೆಯ ಅಂಗಡಿ ಮೊದಲ ವರ್ಷ ಬೇಡವೇ ಬೇಡ. ಬೈಕು, ಬ್ಯಾಗು ಸಾಕು.

ಮನೆಯವಳು

ಇಲ್ಲಿ ಬರೆದವರು ಹೆಚ್ಚಿನವರು ಬಿಟ್ಟು ಬಂದವರು. ಬಿಟ್ಟು ಬಂದವರ ಜೊತೆ ಮನೆಯಲ್ಲಿದ್ದವಳು ನಾನು. ಅದಕ್ಕೇ ಎರಡು ಮಾತು.

ನನ್ನ ಯಜಮಾನರು ಇದೇ ರೀತಿಯ ಕೆಲಸ ಬಿಟ್ಟು ಬಂದಾಗ ಮೊದಲ ಕೆಲವು ತಿಂಗಳು ಏನೂ ಮಾಡಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಕೂರುವುದು, ಹಗಲು ಮಲಗುವುದು. ಫೋನ್ ರಿಂಗಾದರೆ ಗಾಬರಿ. ಅತ್ತೆ, ಮಾವ ಸೋಮಾರಿತನ ಎಂದರು. ಅಕ್ಕಪಕ್ಕದವರು ಕಂಪೆನಿಯಿಂದ ತೆಗೆದುಹಾಕಿದ್ದಾರೆ ಎಂದು ಆಡಿಕೊಂಡರು. ನನಗೆ ಯಜಮಾನರಿಗಿಂತ ಜಾಸ್ತಿ ನೋವಾದದ್ದು ಅದರಿಂದ. ಕೊನೆಗೆ 14416ಕ್ಕೆ ಫೋನ್ ಮಾಡಿದೆವು. ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಅಲ್ಲಿಂದ ಡಾಕ್ಟರ ಹತ್ತಿರ ಹೋದೆವು. ನಿದ್ದೆ ಸರಿಯಾದ ಮೇಲೆ ಮನುಷ್ಯ ಸರಿಯಾದರು. ಕೆಲಸದಿಂದ ಬರುವ ಈ ರೀತಿಯ ಬಸವಳಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ತನ್ನ ವರ್ಗೀಕರಣ ಪಟ್ಟಿಯಲ್ಲಿ, ಕಾಯಿಲೆ ಎಂದಲ್ಲದಿದ್ದರೂ ಕೆಲಸದಿಂದ ಬರುವ ಸಮಸ್ಯೆ ಎಂದು ಸೇರಿಸಿದೆ ಎಂದು ಡಾಕ್ಟರು ಹೇಳಿದಾಗ ಅತ್ತೆಯೂ ಸುಮ್ಮನಾದರು.

ಹಾಗಾಗಿ ನೀರ್ಚಾಲಿನವರೇ, ಬಂದ ಮರುದಿನವೇ ಬ್ಯಾಗು ಹಿಡಿದು ಹೊರಡಬೇಡಿ. ಹಗಲು ಎಚ್ಚರ, ರಾತ್ರಿ ನಿದ್ದೆ, ಅದು ಮೊದಲು ಅಭ್ಯಾಸವಾಗಲಿ. ಇನ್ನೊಂದು, ನಿಮ್ಮ ಉಳಿತಾಯ ಎಷ್ಟು, ತಿಂಗಳಿಗೆ ಎಷ್ಟು ತೆಗೆಯಬಹುದು ಎಂದು ಹೆಂಡತಿಗೆ ಪೂರಾ ಹೇಳಿ. ನಿಮ್ಮ ಹೆಂಡತಿಯ ಸಂಬಳದ ಮೇಲೆ ಮನೆ ನಿಲ್ಲುವ ವರ್ಷ ಇದು. ಅವರನ್ನು ಕೇಳಿಯೇ ತೀರ್ಮಾನ ಮಾಡಿದ್ದೀರಾ? ನಿಮ್ಮ ಬರಹದಲ್ಲಿ ಅವರ ಮಾತು ಒಂದೂ ಕಾಣಲಿಲ್ಲ.

ನೀರ್ಚಾಲಿನವ

ಅಕ್ಕ, ಹೌದು, ಬರೆಯಲಿಲ್ಲ. ಬಿಡಿ ಎಂದು ಮೊದಲು ಹೇಳಿದ್ದೇ ಅವಳು. ನೀವು ಬರೆದದ್ದನ್ನು ಅವಳಿಗೂ ಓದಿ ಹೇಳಿದೆ. ಉಳಿತಾಯದ ಖಾತೆಯನ್ನು ಇನ್ನು ಅವಳೇ ನೋಡಿಕೊಳ್ಳುತ್ತಾಳೆ. ತಿಂಗಳಿಗೆ ಇಷ್ಟು ಎಂದು ಅವಳು ಕೊಡುವುದು, ಅದರಲ್ಲಿ ನಾನು ನಡೆಸುವುದು. ನಿದ್ದೆಯ ವಿಷಯವನ್ನೂ ಅವಳು ಹಿಡಿದುಕೊಂಡಿದ್ದಾಳೆ. ಬಂದ ಮೇಲೆ ಒಂದು ತಿಂಗಳು ತೋಟಕ್ಕೆ ನೀರು ಬಿಡುವುದು ಬಿಟ್ಟರೆ ಬೇರೆ ಏನೂ ಇಲ್ಲ ಎಂದು ತಾಕೀತು.

ಲೆಕ್ಕದ ಭಾವ

ಶುರು ಮಾಡುವ ಮೊದಲು ಇನ್ನೆರಡು ವಿಷಯ. ಸಾಲ ತೆಗೆಯುವ ಯೋಚನೆ ಇದ್ದರೆ, ಪಿಎಂಇಜಿಪಿ (ಸ್ವಂತ ಉದ್ಯಮಕ್ಕೆ ಕೇಂದ್ರದ ಸಾಲ, ಸಬ್ಸಿಡಿ ಯೋಜನೆ) ಹೊಸ ಉದ್ಯಮಕ್ಕೆ ಮಾತ್ರ, ನಡೆಯುತ್ತಿರುವುದಕ್ಕೆ ಮೊದಲ ಸಾಲ ಕೊಡುವುದಿಲ್ಲ. ಸೇವಾ ಕ್ಷೇತ್ರಕ್ಕೆ 20 ಲಕ್ಷದವರೆಗಿನ ಯೋಜನೆ ಆಗಬಹುದು. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ 25, ಮಹಿಳೆಯರು, ಹಿಂದುಳಿದವರು, ಅಲ್ಪಸಂಖ್ಯಾತರು, ಪರಿಶಿಷ್ಟರಿಗೆ 35 ಶೇಕಡಾ ಸಬ್ಸಿಡಿ. ಆದರೆ ಅದು 3 ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಇರುತ್ತದೆ, ಕೈಗೆ ನಗದು ಬರುತ್ತದೆ ಎಂದುಕೊಳ್ಳಬೇಡಿ. ಬ್ಯಾಗು, ಬೈಕಿನ ಕೆಲಸಕ್ಕೆ ಸಾಲವೇ ಬೇಡ ಎಂಬುದು ನನ್ನ ಅಭಿಪ್ರಾಯ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಪೂರಾ ಉಚಿತ, ಏಜೆಂಟರಿಗೆ ಕಾಸು ಕೊಡಬೇಡಿ.

ಗಡಿಯವರಿಗೆ ಮಾತ್ರ ಬರುವ ತೊಡಕು ಜಿಎಸ್‌ಟಿ. ಬರೀ ರಿಪೇರಿ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ. ಪೆರ್ಲದಿಂದ ನಾಲ್ಕು ಮೈಲು ಆಚೆ ಕರ್ನಾಟಕದ ಮನೆಗೆ ಹೋಗಿ ರಿಪೇರಿ ಮಾಡಿದರೂ ತೊಂದರೆ ಇಲ್ಲ. ಆದರೆ ಗಡಿ ದಾಟಿಸಿ ಸಾಮಾನು ಮಾರಿದರೆ ಅದು ಅಂತರರಾಜ್ಯ ವ್ಯಾಪಾರ. ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು. ಉಪ್ಪಳದವರು ಸಾಮಾನು ಮಾರದಿರುವುದು ಈ ಲೆಕ್ಕಕ್ಕೂ ಒಳ್ಳೆಯದೇ ಆಯಿತು.

ಮುಳ್ಳೇರಿಯ ಟೀಚರ್

ಕೈಕೆಲಸ ಕಲಿಯುವವರಿಗೆ ಆರ್‌ಸೆಟಿಯ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ತರಬೇತಿಯೂ ಉಂಟು. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತಲ್ಲ, ಅದೇ ಮಾದರಿಯಲ್ಲಿ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆದದ್ದು. ತರಬೇತಿ, ಊಟ, ವಸತಿ ಎಲ್ಲ ಉಚಿತ. ನನ್ನ ತಮ್ಮ ಫ್ರಿಜ್, ಎಸಿ ರಿಪೇರಿ ಹಾಗೆಯೇ ಕಲಿತ. ಮನೆಯ ವಯರಿಂಗ್ ಮುಟ್ಟುವ ಕೆಲಸಕ್ಕೆ ಮಾತ್ರ ವಯರ್‌ಮನ್ ಲೈಸೆನ್ಸ್ ಇರುವವರ ಜೊತೆಗೇ ಹೋಗಿ. ಅದು ಕಾನೂನು ಮಾತ್ರ ಅಲ್ಲ, ಜೀವದ ಪ್ರಶ್ನೆ.

ನೀರ್ಚಾಲಿನವ

(ಕೆಲವು ವಾರಗಳ ನಂತರ)

ರಾಜೀನಾಮೆ ಕೊಟ್ಟಾಯಿತು. ನೋಟಿಸ್ ಪೂರಾ ಮುಗಿಸುತ್ತಿದ್ದೇನೆ. ಅಪ್ಪ, ಅಮ್ಮನ ವಿಮೆ ಬದಲಾಯಿಸುವ ಅರ್ಜಿ ಹೋಗಿದೆ. ಭಾವ, ಗ್ರಾಚ್ಯುಟಿ ಅಂತಿಮ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಕೇಳಿದ ಮೇಲೆ ಸೇರಿಸಿದರು. ನೀವು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಉಪ್ಪಳದ ಅಣ್ಣನ ಜೊತೆ ಫೋನಿನಲ್ಲಿ ಮಾತಾಡಿದೆ. ಈ ಸಿಡಿಲಿನ ಕಾಲಕ್ಕೆ ಅವರ ಜೊತೆ ಸಹಾಯಕನಾಗಿ ಹೋಗುತ್ತೇನೆ. ಮಳೆಗಾಲದವರೆಗೆ ಸಂಬಳ ಬೇಡ, ಊಟ, ಪೆಟ್ರೋಲು ಸಾಕು ಎಂದೆ. ಅವರು ಒಪ್ಪಲಿಲ್ಲ, ದಿನಕ್ಕೆ ಇಷ್ಟು ಎಂದು ಕೊಟ್ಟೇ ಕೊಡುತ್ತಾರಂತೆ. ನೀರ್ಚಾಲು, ಬದಿಯಡ್ಕ ಕಡೆಗೆ ಇಂಥ ಕೆಲಸ ಮಾಡುವವರು ಕಮ್ಮಿ. ಕಲಿತ ಮೇಲೆ ಆ ಕಡೆ ನಾನು ನೋಡಿಕೊಳ್ಳುವುದು ಎಂದು ಮಾತಾಗಿದೆ. ಗಿರಾಕಿಗಳ ಪುಸ್ತಕ ಒಂದು ಮಾಡುತ್ತೇನೆ. ಯಾವ ಮನೆ, ಏನು ಕೆಟ್ಟಿತ್ತು, ಕಾರಣ ಏನು, ಏನು ಮಾಡಿದೆವು, ಆರು ತಿಂಗಳ ನಂತರ ಫೋನ್ ಮಾಡಿ ಕೇಳಿದಾಗ ಹೇಗಿತ್ತು. ಕಂಪೆನಿಯಲ್ಲಿ ಆ ಕೊನೆಯ ಅಂಕಣ ಇರಲಿಲ್ಲ.

ಅಣ್ಣ, ಬರುವಾಗ ಬೆಂಗಳೂರಿನಿಂದ ಏನಾದರೂ ತರಬೇಕಾ? ಮಲ್ಟಿಮೀಟರ್, ಕ್ರಿಂಪಿಂಗ್ ಟೂಲ್, ಲ್ಯಾನ್ ಟೆಸ್ಟರ್ ನನ್ನಲ್ಲಿ ಉಂಟು.

ಉಪ್ಪಳ ರಿಪೇರಿ

ಅಷ್ಟು ಸಾಕು. ಅರ್ಥ್ ಟೆಸ್ಟರ್ ನನ್ನ ಹತ್ತಿರ ಉಂಟು. ಕ್ಲ್ಯಾಂಪ್ ಮೀಟರ್ ಒಂದು ಒಳ್ಳೆಯದು ಸಿಕ್ಕಿದರೆ ತಾ, ಡಿಸಿ ಕರೆಂಟು ಅಳೆಯುವಂಥದ್ದೇ ಆಗಬೇಕು, ಸೋಲಾರಿಗೆ ಅದು ಬೇಕಾಗುತ್ತದೆ. ರಬ್ಬರ್ ಅಟ್ಟೆಯ ಶೂ ತೆಗೆದುಕೋ, ಚಪ್ಪಲಿಯಲ್ಲಿ ನನ್ನ ಜೊತೆ ಬರಲು ಬಿಡುವುದಿಲ್ಲ. ಮೊದಲ ಕೆಲಸ ಪೈವಳಿಕೆಯ ಒಂದು ಮನೆ, ಅರ್ಥಿಂಗ್ ಗುಂಡಿ ತೆಗೆಯಲು ಜನ ಹೇಳಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಉಪ್ಪಳ ಬಸ್ ಸ್ಟ್ಯಾಂಡಿನಲ್ಲಿರು, ತಿಂಡಿ ಅಲ್ಲೇ ಮಾಡಿ ಹೋಗುವಾ.